ಎರಡು ವರ್ಷ ಕಡಿಮೆ ಬರೆದರೆ ಯಾರಿಗೇನು ನಷ್ಟ?

ನಿಮ್ಮ ಮನೆಯಲ್ಲಿ ಆಟದಲ್ಲಿ ಮುಂದಿರುವ ಮಗನೋ ಮಗಳೋ ಇದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹದಿನಾಲ್ಕು ವರ್ಷದೊಳಗಿನವರ ಕಬಡ್ಡಿ ತಂಡಕ್ಕೆ ಆಯ್ಕೆ ನಡೆಯುತ್ತಿರುತ್ತದೆ. ಹುಡುಗನಿಗೆ ಹದಿನೈದು ತುಂಬಿದೆ. ಬಲ್ಲವರೊಬ್ಬರು ಪಕ್ಕಕ್ಕೆ ಕರೆದು, "ಡೇಟ್ ಆಫ್ ಬರ್ತ್ ಒಂಚೂರು ಸರಿ ಮಾಡ್ಸಿ, ಹೈದ ಜಿಲ್ಲಾ ಮಟ್ಟಕ್ಕೆ ಹೋಯ್ತಾನೆ" ಎನ್ನುತ್ತಾರೆ. ಗುರುಮನೆಯ ಬಾಗಿಲಿಗೂ ಇಂಥ ಬೇಡಿಕೆ ಬರುವುದುಂಟು: "ಸ್ವಾಮಿ, ಜ್ಞಾನಸ್ನಾನದ ಸರ್ಟಿಫಿಕೇಟಿನಲ್ಲಿ ಎರಡು ವರ್ಷ ಕಮ್ಮಿ ಬರ್ಕೊಡಿ. ಯಾರ್ಗೇನು ನಷ್ಟ?"

ಆಗುವುದಿಲ್ಲ ಎಂದು ಹೇಳುವುದು ಗುರುಗಳಿಗೆ ಸುಲಭ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಜನ್ಮದಿನ ಮತ್ತು ಜನ್ಮಸ್ಥಳವನ್ನು ಜಾಗರೂಕತೆಯಿಂದ ಬರೆಯಬೇಕೆಂದು 1983ರ ಧರ್ಮಸಭಾ ಕಾನೂನಿನ 877ನೇ ವಿಧಿ ಹೇಳುತ್ತದೆ. ಅದನ್ನು ತೋರಿಸಿ ಬಾಗಿಲು ಹಾಕಿಕೊಳ್ಳಬಹುದು. ಆದರೆ ಆ ತಂದೆ ಕೇಳಿದ್ದು ಕಾನೂನನ್ನಲ್ಲ, ಯಾರಿಗೆ ನಷ್ಟ ಎಂದು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕು.

ಆತ ಕೆಟ್ಟ ಮನುಷ್ಯನಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕಬಡ್ಡಿಯೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಹಬ್ಬದ ರಾತ್ರಿ ಲೈಟು ಕಟ್ಟಿ, ಅಂಕಣದ ಸುತ್ತ ಊರಿಗೆ ಊರೇ ನಿಂತು ನೋಡುವ ಆಟ ಅದು. ಒಂದೆರಡು ಎಕರೆ ಕಬ್ಬು ಬೆಳೆದು, ಮಳೆಗೂ ನಾಲೆ ನೀರಿಗೂ ಕಾದು ಕೂರುವ ತಂದೆಗೆ ಮಗನ ಆಟ ಬರೀ ಆಟವಾಗಿ ಕಾಣುವುದಿಲ್ಲ. ಹೋಬಳಿಯಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ. ಮುಂದೆ ಕ್ರೀಡಾ ಹಾಸ್ಟೆಲು, ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟು, ದೇವರು ಕಣ್ಣು ಬಿಟ್ಟರೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕೆಲಸ. ಮೊದಲ ಮೆಟ್ಟಿಲುಗಳಲ್ಲೆಲ್ಲ ವಯಸ್ಸಿನ ಒಂದು ಗೆರೆ ಅಡ್ಡ ಬರುತ್ತದೆ. ಪ್ರೀತಿಯೇ ಆ ತಂದೆಯನ್ನು ಗೆರೆ ಒರೆಸಲು ತಳ್ಳುತ್ತದೆ.

ನಮ್ಮ ಹಿರಿಯರ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ನೋಡಿ! ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ; ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ತಾರೀಖು ಬರೆದುಕೊಂಡರು. ಅದು ತಪ್ಪು ತಾರೀಖು ನಿಜ, ಆದರೆ ಸುಳ್ಳಲ್ಲ. ಸರಿಯಾದದ್ದು ಗೊತ್ತಿದ್ದೂ ಬೇರೆಯದನ್ನು ಹೇಳಿದಾಗ ಮಾತ್ರ ಅದು ಸುಳ್ಳು. ನಾವು ಮಾತಾಡುತ್ತಿರುವುದು ಈ ಎರಡನೆಯದರ ವಿಚಾರ.

ಸಂತ ಅಗಸ್ಟೀನರು ಸುಮಾರು 395ರಲ್ಲಿ ಸುಳ್ಳಿನ ವಿಷಯವಾಗಿಯೇ ಒಂದು ಪುಸ್ತಕ ಬರೆದು ಅದರಲ್ಲಿ ಎಂಟು ಬಗೆಗಳನ್ನು ವಿಂಗಡಿಸಿದರು. ಯಾರಿಗೂ ಕೇಡಾಗದೆ ಒಬ್ಬರಿಗೆ ಒಳಿತಾಗುವ ಸುಳ್ಳು ಒಂದು ಬಗೆ. ಒಬ್ಬರಿಗೆ ಒಳಿತಾಗಿ ಇನ್ನೊಬ್ಬರಿಗೆ ಕೇಡಾಗುವ ಸುಳ್ಳು ಇನ್ನೊಂದು ಬಗೆ. ಎರಡನ್ನೂ ಅವರು ಒಪ್ಪಲಿಲ್ಲ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲೂ ಇಲ್ಲ. ಸಂತ ಥಾಮಸ್ ಅಕ್ವಿನಾಸರೂ ಉಪಕಾರದ ಸುಳ್ಳನ್ನು ಹಗುರವಾದ ಪಾಪವೆಂದೂ ಕೇಡಿನ ಸುಳ್ಳನ್ನು ಘೋರವೆಂದೂ ಬೇರೆ ಮಾಡಿದರು. ನಮ್ಮ ತಂದೆ ತಾನು ಮೊದಲನೆಯ ಬಗೆಯದನ್ನು ಕೇಳುತ್ತಿದ್ದೇನೆಂದು ನಂಬಿದ್ದಾನೆ. ಅವನು ಎಡವಿದ್ದು ಅಲ್ಲೇ.

ಕಬಡ್ಡಿ ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರು. ಹದಿಮೂರನೆಯ ಹುಡುಗನ ಹೆಸರನ್ನು ಯಾರೂ ಓದುವುದಿಲ್ಲ. ಅವನು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ನಡೆಯುತ್ತಾನೆ. ತನಗಿಂತ ದೊಡ್ಡವನೊಬ್ಬ ತನ್ನ ಜಾಗದಲ್ಲಿ ಕೂತಿದ್ದಾನೆಂದು ಅವನಿಗೆ ಗೊತ್ತೇ ಆಗುವುದಿಲ್ಲ. ತಾನೇ ಸಾಲದು ಎಂದುಕೊಳ್ಳುತ್ತಾನೆ. ಕಣ್ಣಿಗೆ ಕಾಣದಿರುವುದರಿಂದಲೇ ಆ ತಂದೆಗೆ 'ಯಾರಿಗೇನು ನಷ್ಟ' ಎಂದು ಕೇಳುವ ಧೈರ್ಯ ಬಂತು. ಎಂಟನೆಯ ಆಜ್ಞೆ ಸುಳ್ಳು ಸಾಕ್ಷಿಯನ್ನು ನಿಷೇಧಿಸುವಾಗ ನೆರೆಯವನನ್ನು ಹೆಸರಿಸುತ್ತದೆ. ಈ ಹದಿಮೂರನೆಯವನೇ ಆ ನೆರೆಯವನು. ಎದುರು ತಂಡದಲ್ಲಿ ಇನ್ನೂ ಎಳೆ ಮೂಳೆಯ ಹುಡುಗನೊಬ್ಬ, ಹದಿನಾರರ ಹತ್ತಿರದವನ ಕಾಲು ಹಿಡಿಯಲು ಹೋಗಿ ಕೆಳಗೆ ಬೀಳುತ್ತಾನಲ್ಲ, ಅವನೂ ನೆರೆಯವನೇ.

ಬುದ್ಧಿವಂತ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು: ಆ ಗೆರೆಯೇ ಅನ್ಯಾಯದ್ದಲ್ಲವೇ ಸ್ವಾಮಿ? ಇದು ಗಟ್ಟಿಯಾದ ಆಕ್ಷೇಪ. ಹಿಮದ ದೇಶಗಳಲ್ಲಿ ಐಸ್ ಹಾಕಿ ಎಂಬ ಆಟವಿದೆ. ಮಂಜುಗಡ್ಡೆಯ ಅಂಕಣದ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುತ್ತಾರೆ. ಇಪ್ಪತ್ತು ವರ್ಷದೊಳಗಿನವರ ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್ ಸಾಮಾನ್ಯವಾಗಿ ಕ್ರಿಸ್ಮಸ್ ಹಬ್ಬದ ಮರುದಿನ ಶುರುವಾಗುತ್ತದೆ. ಕೆನಡಾದ ಮನೆಗಳಲ್ಲಿ ಅದನ್ನು ನೋಡುವುದೂ ಹಬ್ಬದ ಭಾಗವೇ. ಆ ದೇಶದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಒಂದು ಸಂಗತಿ ತೋರಿಸಿದರು. ಅಲ್ಲಿನ ಮೇಲ್ಮಟ್ಟದ ಜೂನಿಯರ್ ತಂಡಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು ತುಂಬಿಕೊಂಡಿದ್ದರು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ತೀರಾ ಕಡಿಮೆ. ಕಾರಣ ಸರಳ. ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಿದ್ದರು. ಒಂಬತ್ತು ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರದಲ್ಲೂ ಬಲದಲ್ಲೂ ಎದ್ದು ಕಾಣುವ ಅಂತರ. ದೊಡ್ಡವನನ್ನು ಪ್ರತಿಭಾವಂತನೆಂದು ಆರಿಸಿದರು, ಅವನಿಗೇ ಹೆಚ್ಚು ಅಭ್ಯಾಸ ಸಿಕ್ಕಿತು, ಕೊನೆಗೆ ಅವನು ನಿಜವಾಗಿಯೂ ಪ್ರತಿಭಾವಂತನಾದ.

ಹಾಗಾದರೆ ಗೆರೆ ಕುರುಡು. ಒಪ್ಪೋಣ. ಆದರೆ ಕುರುಡು ಗೆರೆಗೆ ಯಾರ ಮಗನೆಂಬುದು ಗೊತ್ತಿಲ್ಲ. ಸುಳ್ಳು ತಾರೀಖಿಗೆ ಗೊತ್ತಿದೆ. ಇನ್ನೂ ಒಂದು ಮಾತು. ವಯಸ್ಸು ಕದ್ದವನು ಒಳಗೆ ಬಂದಾಗ ಮೊದಲು ಹೊರಬೀಳುವವನು ಯಾರು? ಗೆರೆಯಿಂದ ಆಗಲೇ ಪೆಟ್ಟು ತಿಂದಿರುವ ಆ ಡಿಸೆಂಬರ್ ಹುಡುಗನೇ. ಅಂದರೆ ಈ ಸುಳ್ಳು ಅನ್ಯಾಯವನ್ನು ಸರಿಪಡಿಸುವುದಿಲ್ಲ, ಬಡವನ ಬೆನ್ನ ಮೇಲೆಯೇ ಇನ್ನೊಂದು ಮೂಟೆ ಹೇರುತ್ತದೆ.

ನಮ್ಮವರೇ ಆದ ರಾಹುಲ್ ದ್ರಾವಿಡ್ ಬೆಂಗಳೂರಿನ ಸಂತ ಜೋಸೆಫರ ಶಾಲೆಯಲ್ಲಿ ಓದಿದವರು. ಹತ್ತೊಂಬತ್ತು ವರ್ಷದೊಳಗಿನವರ ಭಾರತ ತಂಡಕ್ಕೆ ಕೋಚ್ ಆಗಿದ್ದಾಗ, 2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಮಾಡುತ್ತಾ, ವಯಸ್ಸಿನ ಮೋಸವನ್ನು ಅವರು ಮ್ಯಾಚ್ ಫಿಕ್ಸಿಂಗ್ ಸಾಲಿಗೇ ಸೇರಿಸಿದರು. ದೊಡ್ಡ ಮೈಕಟ್ಟಿನಿಂದ ಗೆದ್ದವನು ಪ್ರತಿಭೆಯಿಂದ ಗೆದ್ದನೆಂದು ಹೇಳಲಾಗದು, ಜಾಗ ಕಳೆದುಕೊಂಡ ಪ್ರಾಮಾಣಿಕ ಹುಡುಗ ಆಟವನ್ನೇ ಬಿಟ್ಟುಹೋಗಬಹುದು ಎಂಬುದು ಅವರ ಚಿಂತೆಯಾಗಿತ್ತು.

ಅಮೆರಿಕದಲ್ಲಿ 2001ರಲ್ಲಿ ನಡೆದದ್ದು ಇನ್ನೂ ನೋವಿನದು. ಹನ್ನೆರಡು ವರ್ಷದೊಳಗಿನವರ ಬೇಸ್‌ಬಾಲ್ ಟೂರ್ನಿಯಲ್ಲಿ ಡ್ಯಾನಿ ಅಲ್ಮೊಂಟೆ ಎಂಬ ಹುಡುಗ ದೇಶವೇ ಬೆರಗಾಗುವಂತೆ ಚೆಂಡೆಸೆದ. ಆಮೇಲೆ ಅವನಿಗೆ ಹದಿನಾಲ್ಕೆಂದು ಗೊತ್ತಾಯಿತು. ತಂಡದ ಗೆಲುವುಗಳನ್ನೆಲ್ಲ ಅಳಿಸಿಹಾಕಿದರು, ತಂದೆಯನ್ನು ಆ ಸಂಸ್ಥೆಯಿಂದ ಜೀವನಪರ್ಯಂತ ಹೊರಗಿಟ್ಟರು. ಕಾಗದ ತಿದ್ದಿದ್ದು ದೊಡ್ಡವರು, ಆದರೆ ಜನರು ಇಂದಿಗೂ ನೆನಪಿಡುವುದು ಆ ಹುಡುಗನ ಹೆಸರನ್ನು.

ಸಿಕ್ಕಿಬೀಳುವ ಭಯದಿಂದ ನಾನಿದನ್ನು ಹೇಳುತ್ತಿಲ್ಲ. ಈಗ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸು ಅಂದಾಜು ಮಾಡುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಆಧಾರ. ತಿದ್ದುವುದು ಕಷ್ಟವಾಗುತ್ತಾ ಹೋಗುತ್ತದೆ, ಸಂತೋಷ. ಆದರೆ ಎಂದೂ ಸಿಕ್ಕಿಬೀಳದ ಹುಡುಗನ ಕಥೆ ಏನು? ಪ್ರತಿ ಹುಟ್ಟುಹಬ್ಬದಂದು ಅವನಿಗೆ ಎರಡು ವಯಸ್ಸು. ಗೆದ್ದ ಕಪ್ಪನ್ನು ಅವನು ಪೂರ್ತಿ ತನ್ನದೆಂದು ಹಿಡಿಯಲಾರ. ಮನೆಯಲ್ಲಿ ಸುಳ್ಳು ಹೇಳಬೇಡವೆಂದು ಅಪ್ಪ ಗದರಿಸಿದಾಗ ಅವನು ಮುಖ ನೋಡಿ ಸುಮ್ಮನಾಗುತ್ತಾನೆ. ಆ ಮೌನ ಅಪ್ಪನಿಗೂ ಅರ್ಥವಾಗುತ್ತದೆ.

ಈಗಾಗಲೇ ತಿದ್ದಿಸಿ ಆಗಿದೆ ಎನ್ನುವವರು ಇದನ್ನು ಓದುತ್ತಿರಬಹುದು. ಕದ್ದದ್ದನ್ನು ಹಿಂದಿರುಗಿಸದೆ ಪಾಪನಿವೇದನೆ ಪೂರ್ತಿಯಾಗದೆಂದು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಹಣವಾದರೆ ಎಣಿಸಿ ಕೊಡಬಹುದು. ಹೋದ ವರ್ಷದ ಟೂರ್ನಮೆಂಟನ್ನು ಆ ಹದಿಮೂರನೆಯ ಹುಡುಗನಿಗೆ ಹೇಗೆ ಕೊಡುವುದು? ಕೊಡಲಾಗುವುದಿಲ್ಲ. ಮುಂದಿನದನ್ನು ಕೊಡಬಹುದು. 2020ರಲ್ಲಿ ಕ್ರಿಕೆಟ್ ಮಂಡಳಿ, ಸುಳ್ಳು ಜನ್ಮದಿನವನ್ನು ತಾವಾಗಿ ಒಪ್ಪಿಕೊಂಡ ಆಟಗಾರರನ್ನು ಅಮಾನತು ಮಾಡುವುದಿಲ್ಲ, ನಿಜವಾದ ವಯಸ್ಸಿನ ಗುಂಪಿನಲ್ಲಿ ಆಡಲು ಬಿಡುತ್ತೇವೆ ಎಂದು ಒಂದು ಗಡುವು ಕೊಟ್ಟಿತ್ತು. ಕಬಡ್ಡಿ ಮೈದಾನದಲ್ಲಿ ಗಡುವಿಗೆ ಕಾಯಬೇಕಾಗಿಲ್ಲ. ಮುಂದಿನ ಆಯ್ಕೆಯ ದಿನ ಪಿ.ಟಿ. ಮೇಷ್ಟ್ರ ಬಳಿ ತಂದೆಯೂ ಮಗನೂ ಒಟ್ಟಿಗೆ ಹೋಗಿ, ಇವನನ್ನು ದೊಡ್ಡವರ ಗುಂಪಿನಲ್ಲಿ ಬರೆದುಕೊಳ್ಳಿ ಎಂದರೆ ಸಾಕು. ಆ ವರ್ಷ ಅವನು ಆಯ್ಕೆಯಾಗದೆ ಹೋಗಬಹುದು.