ಉಳಿಸುವವರು ಯಾರು, ಉಳಿದದ್ದು ಯಾರಿಗೆ?

'ನೀರು ಉಳಿಸಿ' ಅಂತ ಗೋಡೆ ಮೇಲೆ ಬರೆದದ್ದನ್ನು ಓದಿದಾಗಲೆಲ್ಲ ನಮಗೊಂದು ಪ್ರಶ್ನೆ ಏಳುತ್ತದೆ: ಈ ಮಾತು ಯಾರಿಗೆ? ನಾಲ್ಕು ಕೊಡದಲ್ಲಿ ಅಡಿಗೆ, ಪಾತ್ರೆ, ಸ್ನಾನ, ದನ ಎಲ್ಲ ಮುಗಿಸುವ ಕೇರಿಯ ಹೆಂಗಸು ಇನ್ನೇನು ಉಳಿಸಿಯಾಳು? ಇದ್ದದ್ದರಲ್ಲಿ ಬಿಟ್ಟುಕೊಡೋದು ಗುಣ. ಇಲ್ಲದ್ದನ್ನು ತಡಕೊಳ್ಳೋದು ಗುಣವಲ್ಲ, ಹೇರಿದ ಸ್ಥಿತಿ. ಎರಡಕ್ಕೂ 'ಮಿತವ್ಯಯ' ಎಂಬ ಒಂದೇ ಹೆಸರು ಕೊಟ್ಟರೆ ಅನ್ಯಾಯವೇ ನೀತಿಯಾಗಿಬಿಡುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆಯೋದನ್ನು, ಕೈತೋಟಕ್ಕೆ ಬಿಡೋದನ್ನು, ಕಟ್ಟಡ ಕೆಲಸಕ್ಕೆ ಬಳಸೋದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಸರಿಯೇ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಹಾಕಿ ಮೇಲೆತ್ತಿ ತಂದ ಕಾವೇರಿ ಅದು. ಆದರೆ ನಿಯಮ ಬಳಸುವವನಿಗಷ್ಟೇ ಇದ್ದರೆ ಸಾಲದು, ಸರಬರಾಜು ಮಾಡುವವನಿಗೂ ಇರಬೇಕು. ಕೊಳವೆಗೆ ಬಿಟ್ಟ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು ಮಂಡಳಿಯೇ ವರ್ಷಗಟ್ಟಲೆ ಹೇಳಿಕೊಂಡು ಬಂದಿದೆ. ಅದಕ್ಕೆ ದಂಡ ಯಾರು ಕಟ್ಟಬೇಕು?

ಸರ್ಕಾರದ ಅಳತೆಗೋಲನ್ನೇ ನೋಡಿ. ಒಳಚರಂಡಿ ಇರುವ ನಗರದವನಿಗೆ ದಿನಕ್ಕೆ 135 ಲೀಟರ್. 2019ರ ಜಲ ಜೀವನ್ ಮಿಷನ್ ಹಳ್ಳಿಯವನಿಗೆ ಗೊತ್ತುಮಾಡಿದ್ದು 55 ಲೀಟರ್. ಒಳಚರಂಡಿಗೆ ನೀರು ಬೇಕಲ್ಲ ಅಂತಾರೆ. ಹಾಗಾದರೆ ಹಳ್ಳಿಗೆ ಒಳಚರಂಡಿ ಯಾಕಿಲ್ಲ? ಒಂದು ಇಲ್ಲದಿರೋದನ್ನೇ ಇನ್ನೊಂದನ್ನು ಕೊಡದಿರೋಕೆ ಕಾರಣ ಮಾಡೋದು ಯಾವ ನ್ಯಾಯ?

ನಿಯಮ ಬರೆದರೆ ಮುಗಿಯಿತು ಅಂತಲೂ ನಾವು ನಂಬೋದಿಲ್ಲ. ಮಹಾಡಿನ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಅಲ್ಲಿನ ಪುರಸಭೆ 1924ರಲ್ಲೇ ಗೊತ್ತುವಳಿ ಮಾಡಿತ್ತು. ಆದರೂ ಅಸ್ಪೃಶ್ಯರು ಅಲ್ಲಿ ಒಂದು ಬೊಗಸೆ ನೀರು ಕುಡಿಯಲು 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ಸಾವಿರಾರು ಜನ ನಡೆದುಹೋಗಬೇಕಾಯಿತು. ಕಾಗದ ತಾನಾಗಿ ನೀರು ಕೊಡೋದಿಲ್ಲ.

ಹಾಗಂತ ಉಳಿತಾಯ ಬೇಡ ಅನ್ನೋರಲ್ಲ ನಾವು. ನದಿ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ನಗರ ಚೆಲ್ಲುವ ನೀರಿನಲ್ಲಿ ಮಂಡ್ಯದ ರೈತನ ಪಾಲೂ ಇದೆ. ನಾವು ಕೇಳೋದು ಇಷ್ಟೇ: ಮೊದಲು ಕೊಳವೆಯ ತೂತು ಮುಚ್ಚಿ. ಹೆಚ್ಚು ಬಳಸುವವನಿಂದ ಹೆಚ್ಚು ಬಿಡಿಸಿ. ಉಳಿದ ನೀರು ಕೊನೆಯ ನಲ್ಲಿಗೆ ಮುಟ್ಟಿತೇ, ಲೆಕ್ಕ ತೋರಿಸಿ. ಆ ಲೆಕ್ಕ ಇಲ್ಲದ ಉಳಿತಾಯ ಬಡವನ ಕೊಡದಿಂದ ಉಳ್ಳವನ ತೊಟ್ಟಿಗೆ ಸುರಿದಂತೆ.

ಗೆಳೆಯರೇ, ಬೆಂಗಳೂರಿನ ತನಕ ಹೋಗಬೇಕಿಲ್ಲ. ನಾಳೆ ನಿಮ್ಮ ಪಂಚಾಯ್ತಿಯಲ್ಲಿ ಎದ್ದು ನಿಂತು ಕೇಳಿ: ಊರೊಳಗೆ ಎಷ್ಟು ಹೊತ್ತು ನೀರು ಬಿಡ್ತೀರಿ, ಕೇರಿಗೆ ಎಷ್ಟು ಹೊತ್ತು?