ಬೀಜಾಣು ಕೊಂದರೆ ಹಿಂಸೆ ಯಾರದು?

ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆಯ ಸೋಯಾ ಅವರೆಯ ಹೊಲಗಳಲ್ಲಿ, ಮೋಡ ಕವಿದ ಮಳೆಗಾಲದ ದಿನಗಳಲ್ಲಿ, ಎಲೆ ತಿನ್ನುವ ಸ್ಪೊಡಾಪ್ಟೆರಾ ಕೀಡೆಗಳಲ್ಲಿ ಕೆಲವು ಎಲೆಗೆ ಅಂಟಿಕೊಂಡು ಸೆಟೆದು ಸತ್ತಿರುವುದನ್ನು ಕಾಣಬಹುದು. ಅವುಗಳ ಮೈ ಮೊದಲು ಸುಣ್ಣ ಬಳಿದಂತೆ ಬೆಳ್ಳಗಾಗಿ, ಅನಂತರ ತಿಳಿಹಸಿರು ಪುಡಿಯನ್ನು ಹೊದೆಯುತ್ತದೆ. ಆ ಪುಡಿಯೇ ನೊಮುರಿಯಾ ರಿಲೆಯಿ ಎಂಬ ಪರಾವಲಂಬಿ ಶಿಲೀಂಧ್ರದ ಬೀಜಾಣು. (2014ರಲ್ಲಿ ವಿಜ್ಞಾನಿಗಳು ಇದನ್ನು ಮೆಟಾರೈಜಿಯಂ ಕುಲಕ್ಕೆ ಸೇರಿಸಿದರು, ಹೆಸರು ಬದಲಾದರೂ ಕೀಡೆಯ ಗತಿ ಬದಲಾಗಲಿಲ್ಲ.)

ಬೀಜಾಣುವಿಗೆ ಬಾಯಿಯಿಲ್ಲ, ಕಾಲಿಲ್ಲ. ಗಾಳಿಯಲ್ಲಿ ತೇಲಿ ಕೀಡೆಯ ಮೈಮೇಲೆ ಬಿದ್ದು, ತೇವ ದೊರೆತೊಡನೆ ಮೊಳೆತು, ಕಿಣ್ವಗಳಿಂದ ಚರ್ಮವನ್ನು ಕರಗಿಸಿ ಒಳಹೊಕ್ಕು, ರಕ್ತದಲ್ಲಿಯೇ ವೃದ್ಧಿಯಾಗುತ್ತದೆ. ಸುಮಾರು ಒಂದು ವಾರದಲ್ಲಿ ಕೀಡೆ ಸಾಯುತ್ತದೆ. ತೇವವಿಲ್ಲದಿದ್ದರೆ ಬೀಜಾಣು ಸುಮ್ಮನೆ ಬಿದ್ದಿರುತ್ತದೆ. ಶಾಸ್ತ್ರಗಳು ಬೀಜವನ್ನು ಯೋನಿಭೂತವೆಂದದ್ದು ಇಲ್ಲಿ ನೆನಪಾಗದಿರದು.

ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಶಿಲೀಂಧ್ರದ ಬಗೆಗೆ ಸಂಶೋಧನೆ ನಡೆಸಿದೆ. ಧಾನ್ಯದ ನುಚ್ಚಿನ ಮೇಲೆ ಇದನ್ನು ಬೆಳೆಸಿ, ನೀರಿನಲ್ಲಿ ಕಲಸಿ ಸಿಂಪಡಿಸಬಹುದು. ಶ್ರಾವಕನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕೀಡೆ ತ್ರಸಜೀವಿ, ಸಂಕಲ್ಪಪೂರ್ವಕವಾದ ತ್ರಸಹಿಂಸೆ ಅಣುವ್ರತಿಗೆ ವರ್ಜ್ಯ. ಕೊಲ್ಲುವುದಾದರೋ ಏಕೇಂದ್ರಿಯ ಸ್ಥಾವರ. ಹಾಗಾದರೆ ಸಿಂಪಡಿಸಿದವನು ನಿರ್ದೋಷಿಯೇ?

ಶಿಲೀಂಧ್ರವು ಹೊಲದಲ್ಲಿ ಮೊದಲೇ ಇತ್ತು, ಮನುಷ್ಯನು ತ್ವರೆಗೊಳಿಸಿದನಷ್ಟೇ, ಎಂಬ ವಾದವುಂಟು. ಗುಮಾಸ್ತನಿಂದ ಸಹಿ ಹಾಕಿಸಿದ ಸಾಹುಕಾರನು ಸಾಲ ತನ್ನದಲ್ಲವೆಂದರೆ ಪೇಟೆಯಲ್ಲಿ ಯಾರೂ ಒಪ್ಪಲಾರರು. ಕೃತ, ಕಾರಿತ, ಅನುಮೋದಿತ ಈ ಮೂರೂ ಒಂದೇ ಖಾತೆಯವು. ಉದ್ಯೋಗಿ ಹಿಂಸೆಯೆಂಬ ಸಮಾಧಾನವೂ ಪೂರ್ತಿ ಹೊಂದದು. ನೇಗಿಲಿಗೆ ಸಿಕ್ಕ ಹುಳುವಿನ ಸಾವು ಉಳುವವನ ಗುರಿಯಲ್ಲ. ಸಿಂಪಡಿಸುವವನಿಗೆ ಕೀಡೆಯ ಸಾವೇ ಉಪಾಯ. ಬೆಳೆಯ ರಕ್ಷಣೆಗಾಗಿ ನಡೆವ ವಿರೋಧಿ ಹಿಂಸೆಯೆನ್ನಬಹುದು. ಹಾಗೆಂದರೆ ರಕ್ಷಣೆಗೆ ಬೇಕಾದಷ್ಟಕ್ಕೆ ಮಾತ್ರ ಅದು ಸಲ್ಲುತ್ತದೆ.

ಆ ಅಳತೆಯಲ್ಲಿ ರಾಸಾಯನಿಕ ವಿಷಕ್ಕೂ ಬೀಜಾಣುವಿಗೂ ಅಂತರ ದೊಡ್ಡದು. ಅನೇಕ ವಿಷಗಳು ಜೇನ್ನೊಣ, ಜೇಡ, ಹಳ್ಳದ ಮೀನುಗಳನ್ನೂ ಬಿಡವು. ಈ ಶಿಲೀಂಧ್ರವು ಮುಖ್ಯವಾಗಿ ಪತಂಗಜಾತಿಯ ಕೀಡೆಗಳಿಗೇ ತಗಲುತ್ತದೆ. ವಿಷವಾಣಿಜ್ಯವು ಶ್ರಾವಕನಿಗೆ ನಿಷಿದ್ಧವೆಂದು ತಿಳಿದೂ ಕೀಟನಾಶಕದ ಅಂಗಡಿ ನಡೆಸುವ ಕುಟುಂಬಗಳು ಈ ಅಂತರವನ್ನು ಗಮನಿಸುವುದು ಒಳಿತು. ಆದರೂ ಅಲ್ಪಹಿಂಸೆಯನ್ನು ಅಹಿಂಸೆಯ ಕಾಲಂನಲ್ಲಿ ಬರೆಯಲಾಗದು.

ಹೂ ಬಿಡುವ ಮೊದಲು ಸೋಯಾ ಗಿಡವು ಎಲೆಗಳ ಒಂದಿಷ್ಟು ನಷ್ಟವನ್ನು ತಾಳಿಕೊಳ್ಳುತ್ತದೆ. ವಿನಾಕಾರಣ ಸಿಂಪಡಿಸುವ ಶಿಲೀಂಧ್ರನಾಶಕವು ಹೊಲದಲ್ಲಿ ತಾನಾಗಿ ಹುಟ್ಟಿದ ಈ ಬೀಜಾಣುವನ್ನೂ ಕೆಡಿಸಿ, ಮುಂದೆ ಕೀಡೆಗೆ ವಿಷ ಹೊಡೆಯುವಂತೆ ಮಾಡುತ್ತದೆ. ಹಸಿರು ಪುಡಿ ಹೊತ್ತ ಕೀಡೆಗಳು ಅಲ್ಲಲ್ಲಿ ಕಂಡು, ಮೋಡವೂ ಕವಿದಿದ್ದರೆ, ರೈತನು ನಾಲ್ಕು ದಿನ ಕಾದು ನೋಡಬಹುದು. ಆಗ ಪುಡಿಯ ಚೀಲವನ್ನು ಕೊಳ್ಳುವ ಪ್ರಸಂಗವೇ ಬಾರದಿರಬಹುದು.