ನೀರೂ ಒಂದು ಅಮಾನತ್

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಮುಂದೆ ನಿಂತರು. ಮೇಲ್ನೋಟಕ್ಕೆ ಧಾನ್ಯ ಚೆನ್ನಾಗಿತ್ತು. ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಾದರೆ ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಮಳೆ ಬಂದುದು ಆತನ ತಪ್ಪಲ್ಲ. ಮರೆಮಾಚಿದ್ದು ತಪ್ಪು.

ಕುಡಿಯುವ ನೀರಿನ ವಿಷಯವೂ ಹೀಗೆಯೇ. ದಾವಣಗೆರೆ ನಗರಕ್ಕೆ ತುಂಗಭದ್ರೆ ಮತ್ತು ಭದ್ರಾ ನಾಲೆಯ ನೀರಿದೆ. ಆದರೆ ಜಿಲ್ಲೆಯ ಎಷ್ಟೋ ಹಳ್ಳಿಗಳ ಬಾಯಾರಿಕೆ ತಣಿಸಿದ್ದು ಕೊಳವೆಬಾವಿ. ಜಗಳೂರಿನ ಕಡೆ ಆ ನೀರಿನ ಫ್ಲೋರೈಡ್ ಬಹುಕಾಲದ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದೆಂಬುದು ಭಾರತೀಯ ಮಾನದಂಡ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಹಿರಿಯರ ಮೂಳೆಗಳು ಬಿಗಿಯುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ.

ವುಝೂವಿನ ನೀರನ್ನು ನಾವು ಬಣ್ಣ, ರುಚಿ, ವಾಸನೆಗಳಿಂದ ಪರಿಶೀಲಿಸುತ್ತೇವೆ. ಫ್ಲೋರೈಡ್ ಈ ಮೂರನ್ನೂ ಬದಲಿಸುವುದಿಲ್ಲ. ನಮಾಝಿಗೆ ಶುದ್ಧವಾದ ನೀರು ಮಗುವಿನ ಲೋಟಕ್ಕೂ ಸುರಕ್ಷಿತವೆಂದು ಭಾವಿಸುವಂತಿಲ್ಲ.

ಇಂದು ಟ್ಯಾಂಕಿನಲ್ಲಿಯೇ ಸೆನ್ಸರ್ ಇಳಿಬಿಟ್ಟು ನೀರಿನ ಆಮ್ಲೀಯತೆ, ಕದಡುವಿಕೆ, ಕರಗಿದ ಲವಣ, ಉಳಿದ ಕ್ಲೋರಿನ್ ಇವನ್ನು ಹಗಲಿರುಳೂ ಅಳೆಯಬಹುದು. ವ್ಯತ್ಯಾಸ ಕಂಡೊಡನೆ ಫೋನಿಗೆ ಸಂದೇಶ ಬರುತ್ತದೆ. ರಾಶಿಯೊಳಗೆ ಇಳಿದ ಕೈಯಂತೆ ಇದು. ಆದರೆ ಅದರ ಅರಿವಿಗೂ ಮಿತಿಯಿದೆ. ರೋಗಾಣುಗಳ ಪತ್ತೆಗೆ ಪ್ರಯೋಗಾಲಯ ಬೇಕು. ಫ್ಲೋರೈಡಿಗೆ ಪ್ರತ್ಯೇಕ ಪರೀಕ್ಷೆ ಬೇಕು.

ಕೈಗೆ ತೇವ ತಾಗಿದ ಮೇಲೆ ಏನು? ಹದಡಿಯಂತಹ ಒಂದು ಊರಿನಲ್ಲಿ ಸಹೋದರರೊಬ್ಬರು ತೀರಿಹೋದ ತಾಯಿಯ ಹೆಸರಿನಲ್ಲಿ ಮಸೀದಿಗೆ ಬೋರ್‌ವೆಲ್ ಕೊರೆಸಿದರೆಂದು ಭಾವಿಸಿರಿ. ಹ. ಸಅದ್ ಬಿನ್ ಉಬಾದಾ(ರ)ರು ತಾಯಿಗಾಗಿ ಬಾವಿ ತೋಡಿಸಿದ ಮಾದರಿ ಅವರ ಮುಂದಿತ್ತು. ಸುತ್ತಲಿನ ಎಲ್ಲ ಧರ್ಮದವರೂ ಕೊಡ ತುಂಬುತ್ತಾರೆ. ಪರೀಕ್ಷೆಯಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ಎಂದು ಬಂತು. ಕಮಿಟಿಯವರು ಹೇಳಬೇಕೇ? ದಾನಿಯ ಮನಸ್ಸು ನೋಯುತ್ತದೆ. ಬೇಸಿಗೆಯಲ್ಲಿ ಬೇರೆ ನೀರೆಲ್ಲಿ? ಇಷ್ಟು ವರ್ಷ ಕುಡಿದೆವಲ್ಲ, ಅಲ್ಲಾಹನಿದ್ದಾನೆ ಎನ್ನುವವರೂ ಇದ್ದಾರೆ.

ಹೇಳಲೇಬೇಕು. ಬಂಡೆಯೊಳಗಿನ ಲವಣಕ್ಕೆ ದಾನಿ ಹೊಣೆಯಲ್ಲ. ಅವರ ಒಳ್ಳೆಯ ನಿಯ್ಯತ್ತನ್ನು ಅಲ್ಲಾಹನು ಬಲ್ಲನು. ಆದರೆ ಅರಿತ ಕ್ಷಣದಿಂದ ಮೌನವು ಅರಿತವನ ಕರ್ಮವಾಗುತ್ತದೆ. ಒಳಿತು ಹರಿಯುತ್ತಲೇ ಇರುವುದರಿಂದ ಅದು ಸದಕಾ ಜಾರಿಯಾ. ಹಾನಿಯೂ ಹಾಗೆಯೇ ಹರಿಯಬಲ್ಲದು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟದೆ ಬಿಡುವುದಲ್ಲ, ಕಟ್ಟಿ ಭರವಸೆಯಿಡುವುದು. ಆ ನಲ್ಲಿಯ ಮೇಲೆ ಫಲಿತಾಂಶ ಬರೆದು ಹಾಕಲಿ. ಅದು ತೊಳೆಯಲು, ವುಝೂವಿಗೆ ಇರಲಿ. ಕುಡಿಯಲು ಶುದ್ಧೀಕರಿಸಿದ ನೀರಿನ ಏರ್ಪಾಡಾಗಲಿ. ಆ ತಾಯಿಯ ಹೆಸರಿಗೆ ಅದೇ ನಿಜವಾದ ಗೌರವ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ನಮ್ಮ ಸಹೋದರಿಯರೇಕೆ ಹಿಂದುಳಿಯಬೇಕು?

ಇಂದೇ ನಿಮ್ಮ ಮನೆಯಲ್ಲಿ, ಮಸೀದಿಯಲ್ಲಿ ಕೇಳಿರಿ: ಈ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಅನುಗ್ರಹಗಳ ಬಗ್ಗೆ ವಿಚಾರಣೆ ನಡೆಯುವ ದಿನ, ನಾವು ಕುಡಿದ ನೀರಿನ ಜೊತೆಗೆ ಇತರರಿಗೆ ಕುಡಿಸಿದ ನೀರಿನ ಲೆಕ್ಕವನ್ನೂ ಒಪ್ಪಿಸಬೇಕಾಗಿದೆ.